ಹೊನ್ನಾಜಮ್ಮನ ರಕ್ತ ಪ್ಯಾಟೆಗೆ ಹೋದ ಕತೆ

ಹೇಳುತ್ತೇನೆ, ಕೇಳಿ. ನಗುವವರು ನಗಿ, ನಗು ಬಾರದವರು ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತಿರಿ. ನಡುವೆ ಎದ್ದು ಹೋಗುವವರಿದ್ದರೆ ಈಗಲೇ ಹೋಗಿಬಿಡಿ. ಒಂದು ಮಾತು ತಪ್ಪಿಸಿಕೊಂಡರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಜವರ ಒಂದು ಮಾತನ್ನೂ ತಪ್ಪಿಸಿಕೊಂಡವನಲ್ಲ. ಅವನ ಕಷ್ಟವೇ ಅದು.

ಮಂಡ್ಯದ ಕಡೆ ಒಂದು ಊರು. ಅಲ್ಲಿ ಹೊನ್ನಾಜಮ್ಮ ಅಂತ ಒಬ್ಬ ಹೆಂಗಸು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಇದ್ದವನು ಒಬ್ಬನೇ ಮಗ, ಜವರ. ಆಳು ಆರಡಿ. ಮೀಸೆ ಬಂದು ಹದಿನೈದು ವರ್ಷ, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡದೆ ಬಿಟ್ಟವನಲ್ಲ, ಹೇಳದ್ದನ್ನು ಮಾಡಿದವನಲ್ಲ. ಉಣ್ಣು ಅಂದರೆ ಉಣ್ಣುವನು, ಅನ್ನದಿದ್ದರೆ ತಟ್ಟೆ ಮುಂದೆಯೇ ಹಸಿದು ಕೂರುವನು. ಊರಿನ ಬೇರೆ ತಾಯಂದಿರು "ನನ್ನ ಮಗ ಮಾತು ಕೇಳಲ್ಲ" ಅಂತ ಅಳುತ್ತಿದ್ದರು. ಹೊನ್ನಾಜಮ್ಮ "ನನ್ನ ಮಗ ಕೇಳ್ತಾನೆ ಕಣ್ರವ್ವಾ" ಅಂತ ಅಳುತ್ತಿದ್ದಳು.

ಸುತ್ತಲ ನಾಲ್ಕು ಊರಲ್ಲಿ ತಿಥಿಯಾಗಲಿ, ಬೀಗರೂಟವಾಗಲಿ, ದೊಡ್ಡ ಹಂಡೆಯಲ್ಲಿ ಮುದ್ದೆ ತಿರುವುವುದಕ್ಕೆ ಹೊನ್ನಾಜಮ್ಮನೇ ಬರಬೇಕು. ಅವಳು ಕಟ್ಟಿದ ಮುದ್ದೆಗೆ ಗಂಟಿಲ್ಲ, ಬಿರುಕಿಲ್ಲ. ಆದರೆ ಊರಿಗೆಲ್ಲ ಮುದ್ದೆ ಕಟ್ಟುವವಳು ತಾನು ಮುದ್ದೆ ತಿಂದು ನಾಲ್ಕು ವರ್ಷವಾಗಿತ್ತು. ಹೊಟ್ಟೆ ಉರಿ ಅಂತ ದಿನಕ್ಕೆರಡು ಗ್ಯಾಸಿನ ಮಾತ್ರೆ ನುಂಗುವುದು, ಬಿಳೀ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಎರಡು ತುತ್ತು ತಿನ್ನುವುದು, ಅಷ್ಟೇ.

ಹೀಗಿರುವಾಗ ಒಂದು ದಿನ ಒಂದು ತಿಥಿ ಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು. ಬಾಯಾರಿತು. ಜವರನನ್ನು ಕೂಗಿ, ಮನೆಯಿಂದ ಮಜ್ಜಿಗೆ ತರಲು ಹೇಳಿದಳು. ಅವನು ಬಾಟಲಿಗೆ ತುಂಬಿ ತಂದ. ಮೇಲೆ ನೀರು, ಕೆಳಗೆ ಗಸಿ. ಹೊನ್ನಾಜಮ್ಮನ ಬಾಯಿಗೆ ಬಂದದ್ದು ಬರೀ ನೀರು.

"ಏನ್ಲಾ ಇದು, ಬಾವಿ ನೀರು ತಂದಿದ್ದೀಯಾ?"

"ಮಜ್ಜಿಗೆ ಕಣವ್ವಾ."

"ಅಯ್ಯೋ ಪೆದ್ದೇ! ಕುಲುಕ್ಬೇಕು ಕಣ್ಲಾ! ಮುಚ್ಚಳ ಇರೋದ್ರಲ್ಲಿ ಏನೇ ಕೊಡ್ಲಿ, ಚೆನ್ನಾಗಿ ಕುಲುಕು, ಆಮೇಲೆ ಕೊಡು!"

"ಹಂಗೇ ಮಾಡ್ತೀನಿ ಕಣವ್ವಾ" ಅಂದ ಜವರ. "ಕುಲುಕ್ಬೇಕು, ಕುಲುಕ್ಬೇಕು" ಅಂತ ಬಾಯಲ್ಲೇ ಹೇಳಿಕೊಂಡ.

ಅವನು ಹೇಳಿಕೊಳ್ಳುತ್ತಿರುವಾಗಲೇ ಹೊನ್ನಾಜಮ್ಮನ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ಕೈ ಬೆರಳು ನಡುಗಿ, ಮುದ್ದೆಕೋಲು ಹಂಡೆಯೊಳಗೆ ಬಿತ್ತು. ಅವಳೂ ಬೀಳುತ್ತಿದ್ದಳು, ಮಗ ಹಿಡಿದುಕೊಂಡ. ಮಾರನೇ ದಿನ ಊರ ಆಸ್ಪತ್ರೆಗೆ ಹೋದಳು. ಅಲ್ಲಿದ್ದ ಡಾಕ್ಟ್ರಮ್ಮ ಕಾಲು ಒತ್ತಿ ನೋಡಿದರು, ಕಣ್ಣರೆಪ್ಪೆ ಅದುರುವುದನ್ನು ನೋಡಿದರು, ಏನು ತಿನ್ನುತ್ತೀಯ ಅಂತ ಕೇಳಿದರು.

"ಮೆಗ್ನೀಷಿಯಂ ಕಮ್ಮಿ ಆಗಿರಬಹುದು ಹೊನ್ನಾಜಮ್ಮ. ಈ ಗ್ಯಾಸಿನ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಅದು ಇಳಿದುಹೋಗುತ್ತೆ. ಊಟದಲ್ಲೂ ಸೇರ್ತಿಲ್ಲ."

"ಅದ್ರ ಹೆಸರು ಹೇಳೋಕೇ ನಾಲಗೆ ಹೊರಳ್ತಿಲ್ಲ. ನನ್ನ ಮೈಯಾಗೆ ಅದು ಯಾವಾಗ ಇತ್ತು, ಯಾವಾಗ ಹೋಯ್ತು ತಾಯಿ?"

"ಎಷ್ಟಿದೆ ಅಂತ ರಕ್ತ ನೋಡಿದರೆ ಗೊತ್ತಾಗುತ್ತೆ. ಲೆಕ್ಕ ಗೊತ್ತಿಲ್ಲದೆ ಔಷಧಿ ಕೊಡೋಕಾಗಲ್ಲ, ಜಾಸ್ತಿ ಆದ್ರೂ ಕಷ್ಟವೇ. ತೀರಾ ಕಮ್ಮಿಯಾದ್ರೆ ಎದೆ ಬಡಿತಾನೇ ತಾಳ ತಪ್ಪುತ್ತೆ. ತಡ ಮಾಡಬೇಡ."

ಹೊನ್ನಾಜಮ್ಮನಿಗೆ ಹೆದರಿಕೆಯಾಯಿತು. ಸಾಯುವುದಕ್ಕೆ ಹೆದರಲಿಲ್ಲ. ಬಾಗಿಲಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದ ಮಗನನ್ನು ನೋಡಿ ಹೆದರಿದಳು. ಹೇಳಿದ್ದನ್ನು ಮಾತ್ರ ಮಾಡುವ ಮಗ, ಹೇಳುವವಳೇ ಹೋದರೆ ಏನು ಮಾಡುತ್ತಾನೆ?

ಡಾಕ್ಟ್ರಮ್ಮ ರಕ್ತ ತೆಗೆದು ಬೆರಳುದ್ದದ ಕೊಳವೆಗೆ ತುಂಬಿ, ಮುಚ್ಚಳ ಹಾಕಿ, ಹೆಸರಿನ ಚೀಟಿ ಅಂಟಿಸಿ ಜವರನ ಕೈಗೆ ಕೊಟ್ಟರು. "ಹನ್ನೊಂದರ ಬಸ್ಸಿಗೆ ಹೋಗು. ಪ್ಯಾಟೆ ಲ್ಯಾಬಿನಲ್ಲಿ ಮಾಯಿಗಯ್ಯ ಅಂತ ಇದ್ದಾರೆ, ಅವರ ಕೈಗೆ ಕೊಡು."

ಜವರ ನೋಡಿದ. ಮುಚ್ಚಳ ಇತ್ತು. ಸರಿ, ಬಸ್ಸು ಹತ್ತಿದವನು ಕುಲುಕತೊಡಗಿದ. ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಬಲಗೈ. ಪಕ್ಕದಲ್ಲಿ ಕೂತವರು ಎದ್ದು ಹಿಂದಿನ ಸೀಟಿಗೆ ಹೋದರು. ಮುಕ್ಕಾಲು ಗಂಟೆಯ ದಾರಿ, ಒಂದು ಕ್ಷಣವೂ ನಿಲ್ಲಿಸಲಿಲ್ಲ.

ಮಾಯಿಗಯ್ಯ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಜವರನನ್ನು ನೋಡಿದರು.

"ಏನಯ್ಯಾ ಮಾಡ್ದೆ ಇದನ್ನ?"

"ಚೆನ್ನಾಗಿ ಕುಲುಕ್ದೆ ಸಾ. ಗಸಿ ಕೆಳಗೆ ನಿಂತ್ಕಬಾರ್ದಲ್ಲ."

"ರಕ್ತ ಒಡೆದು ಹೋಗೈತಲ್ಲಯ್ಯಾ! ರಕ್ತದ ಕಣದೊಳಗೇ ಬೇಕಾದಷ್ಟು ಮೆಗ್ನೀಷಿಯಂ ಇರುತ್ತೆ. ಕಣ ಒಡೆದ್ರೆ ಅದೆಲ್ಲ ಹೊರಗೆ ಬಂದು ಲೆಕ್ಕ ಸುಳ್ಳಾಗುತ್ತೆ. ಕಾಯಿಲೆಯವಳು ಗಟ್ಟಿಮುಟ್ಟು ಅಂತ ಬರೆದು ಕೊಡಬೇಕಾಗುತ್ತೆ ನಾನು!"

"ಹಂಗಾರೆ ಇನ್ಮುಂದೆ ಏನ್ ಮಾಡ್ಲಿ ಸಾ?"

"ಕುಲುಕಬಾರದು! ಬಟ್ಟೆ ಸುತ್ತಿ, ಹಸುಗೂಸು ಎತ್ಕೊಂಡ ಹಂಗೆ ಎದೆಗೆ ಇಟ್ಕೊಂಡು ಬರಬೇಕು. ಇಡೋದಾದ್ರೆ ತಣ್ಣಗಿರೋ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಇಡಬೇಕು. ತಿಳೀತಾ?"

"ತಿಳೀತು ಸಾ" ಅಂದ ಜವರ. "ಬಟ್ಟೆ ಸುತ್ಬೇಕು, ಎದೆಗೆ ಇಟ್ಕಬೇಕು, ನೆಟ್ಟಗೆ ನಿಲ್ಲಿಸ್ಬೇಕು" ಅಂತ ಹೇಳಿಕೊಂಡು ಬರಿಗೈಲಿ ಮನೆಗೆ ಬಂದ.

ವಿಷಯ ಕೇಳಿ ಹೊನ್ನಾಜಮ್ಮ ಹಣೆ ಚಚ್ಚಿಕೊಂಡಳು. ಡಾಕ್ಟ್ರಮ್ಮ ಬಯ್ಯಲಿಲ್ಲ. ಗುರುವಾರ ಇನ್ನೊಂದು ಸಲ ರಕ್ತ ತೆಗೆಯೋಣ, ಅಷ್ಟರಲ್ಲಿ ಊಟವನ್ನಾದರೂ ಸರಿ ಮಾಡಿಕೋ ಅಂದರು. ರಾಗಿ ತಿನ್ನು, ಸೊಪ್ಪು ತಿನ್ನು, ಎಳ್ಳು ತಿನ್ನು, ಸಿಹಿಕುಂಬಳದ ಬೀಜ ಸಿಕ್ಕರೆ ಬಿಡಬೇಡ ಅಂದರು. ಹೊನ್ನಾಜಮ್ಮ ಮನೆಗೆ ಬಂದು ಮಗನನ್ನು ಕರೆದಳು.

"ಹೊಲದ ಬದಿನ ಮೇಲೆ ಕುಂಬಳದ ಬಳ್ಳಿ ಐತಲ್ಲ, ಒಂದು ಬಲಿತ ಕಾಯಿ ಕಿತ್ಕೊಂಡು ಬಾ ಮಗ."

ಜವರ ಹೋದ. ಹೊತ್ತು ನೆತ್ತಿಗೆ ಬಂತು, ಬರಲಿಲ್ಲ. ಹೊತ್ತು ಇಳಿಯಿತು, ಬರಲಿಲ್ಲ. ಬೀದಿ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆ, ಏನು ಅಂತ ನೋಡಿದರೆ ಜವರ! ಹೆಗಲ ಟವಲಲ್ಲಿ ಕುಂಬಳಕಾಯಿ ಸುತ್ತಿ, ಎದೆಗವಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಜೋಗುಳ ಹಾಡಿಕೊಂಡು ಬರುತ್ತಿದ್ದಾನೆ. ಒಬ್ಬ ಮುದುಕಿಯಂತೂ "ಯಾರ ಮಗುವಪ್ಪಾ?" ಅಂತ ದೃಷ್ಟಿ ತೆಗೆಯಲು ಕೈ ಚಾಚಿದಳು. ಅವನು ನೇರ ಒಳಗೆ ಹೋಗಿ, ನೀರಿನ ಗಡಿಗೆಗಳ ಪಕ್ಕ ತಣ್ಣಗಿದ್ದ ಮೂಲೆಯಲ್ಲಿ ಕುಂಬಳಕಾಯಿಯನ್ನು ನೆಟ್ಟಗೆ ನಿಲ್ಲಿಸಿದ. ಹೊನ್ನಾಜಮ್ಮ ಮಚ್ಚು ತಂದಳು. ಅವನು ಅಡ್ಡ ನಿಂತ.

"ಬ್ಯಾಡ ಕಣವ್ವಾ, ಅಲ್ಲಾಡ್ಸಬ್ಯಾಡ! ಲೆಕ್ಕ ಸುಳ್ಳಾಗುತ್ತೆ!"

"ನಿನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಹಿಂಗೆ ಪೂಜೆಗೆ ಇಡೋಕಾ ತರ್ಸಿದ್ದು ನಾನು? ತಂದ ಕೂಡ್ಲೆ ಹೊಟ್ಟೆ ಸೀಳಿ, ಒಳಗಿರೋದನ್ನ ಹೊರಗೆ ಸುರಿದು, ಬೀಜ ಆರಿಸಿ, ಬಿಸಿಲಿಗೆ ಒಣಗ್ಸಬೇಕು ಕಣ್ಲಾ! ಮೆಗ್ನೀಷಿಯಂ ಇರೋದು ಬೀಜದಾಗೆ!"

"ಮುಂಚೇನೆ ಹೇಳ್ಬಾರ್ದಾ ಅವ್ವಾ?" ಅಂದ ಜವರ. "ಸುರೀಬೇಕು, ಆರಿಸ್ಬೇಕು, ಒಣಗ್ಸಬೇಕು" ಅಂತ ಹೇಳಿಕೊಂಡ.

ಗುರುವಾರ ಬಂತು. ಡಾಕ್ಟ್ರಮ್ಮ ಮತ್ತೆ ರಕ್ತ ತೆಗೆದರು, ಕೊಳವೆ ಕೊಟ್ಟರು. ಬಸ್ಸು ತಡವಾಗಿತ್ತು. ಬಸ್ ಸ್ಟ್ಯಾಂಡಿನ ಕಲ್ಲುಚಪ್ಪಡಿ ಬಿಸಿಲಿಗೆ ಕಾದಿತ್ತು. ಜವರನಿಗೆ ಮಾತು ನೆನಪಿತ್ತು. ಇನ್ನು ಹೇಳುವುದೇನು?

ಮಾಯಿಗಯ್ಯ ಕೈ ಚಾಚಿದಾಗ ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ. ಒಳಗೆ ಕಂದು ಬಣ್ಣದ ಪುಡಿ.

"ಏನಯ್ಯಾ ಇದು? ನಶ್ಯವಾ?"

"ನಮ್ಮವ್ವನ ರಕ್ತ ಸಾ. ಒಣಗ್ಸಿ ತಂದಿವ್ನಿ."

ಮಾಯಿಗಯ್ಯ ಕುರ್ಚಿಯ ಮೇಲೆ ಕೂತರು.

"ಬೀಜ ಮಾತ್ರ ಸಿಕ್ಲಿಲ್ಲ ಸಾ" ಅಂದ ಜವರ. "ಎಷ್ಟು ಹುಡುಕಿದ್ರೂ ಒಂದೂ ಇಲ್ಲ. ಅದಕ್ಕೇ ಅವ್ವಂಗೆ ಮೆಗ್ನೀಷಿಯಂ ಕಮ್ಮಿ ಆಗಿರಬೇಕು."

"ಮುಚ್ಚಳ ಯಾಕಯ್ಯಾ ತೆಗೆದೆ? ಮುಚ್ಚಳ ತೆಗೀಲೇಬಾರದು! ಬಿಗಿಯಾಗಿ ಮುಚ್ಚಿರಬೇಕು! ಹೆಸರಿನ ಚೀಟಿ ಎಲ್ಲಿ? ಚೀಟಿ ಇಲ್ಲದೆ ಯಾರದು ಅಂತ ತಿಳ್ಕೊಳ್ಳಲಿ? ಚೀಟಿ ಮೇಲೆ ಅಂಟಿಸಿರಬೇಕು! ಥೂ! ಇನ್ಮೇಲೆ ನೀನು ರಕ್ತಾನೇ ತರಬೇಡ. ರಕ್ತ ಯಾರೊಳಗೆ ಐತೋ ಅವರನ್ನೇ ಕರ್ಕೊಂಡು ಬಾ!"

"ಸರಿ ಸಾ. ಒಳಗಿರೋದನ್ನ ತರಬಾರ್ದು, ಯಾವುದ್ರೊಳಗೆ ಐತೋ ಅದನ್ನೇ ತರ್ಬೇಕು" ಅಂತ ಹೇಳಿಕೊಂಡು ಜವರ ಮನೆಗೆ ಬಂದ.

"ನನ್ನ ಮೈಯೇನು ಕೆರೆಯಾ, ತೋಡ್ದಂಗೆಲ್ಲ ತುಂಬ್ಕೊಳ್ಳೋಕೆ?" ಅಂತ ಹೊನ್ನಾಜಮ್ಮ ಅತ್ತಳು. ಅವತ್ತು ಕಾಲು ಎರಡು ಸಲ ಹಿಡಿದುಕೊಂಡಿತ್ತು. ಬೆರಳು ನಡುಗಿ ನಡುಗಿ ತನ್ನ ಸೆರಗನ್ನು ತಾನೇ ಸರಿಯಾಗಿ ಸಿಕ್ಕಿಸಿಕೊಳ್ಳಲು ಆಗುತ್ತಿರಲಿಲ್ಲ. ಸೋಮವಾರ ನಾನೇ ಬರುತ್ತೇನೆ ಅಂದಳು. ಅಲ್ಲಿಯವರೆಗೆ ನುಗ್ಗೆಸೊಪ್ಪಿನ ಸಾರಾದರೂ ಕಾಯಿಸೋಣ ಅಂತ, "ಪಕ್ಕದ ಮನೆ ಸುಂದ್ರಕ್ಕನ್ನ ಕೇಳಿ ಒಂದು ಹಿಡಿ ನುಗ್ಗೆಸೊಪ್ಪು ತಗಂಬಾ" ಅಂದಳು.

ಅಂದವಳು ಒಲೆ ಹಚ್ಚಿ ಎಸರಿಟ್ಟಳು. ಹೊರಗೆ ಏನೋ ದರದರ ಎಳೆಯುವ ಸದ್ದು. ಹಿಂದೆಯೇ ಸುಂದ್ರಕ್ಕನ ಬಾಯಿ. ಬಾಗಿಲಿಗೆ ಬಂದು ನೋಡಿದರೆ, ಮೂರು ವರ್ಷದ ನುಗ್ಗೆಮರ, ಬೇರು ಸಮೇತ, ಬುಡ ಜವರನ ಹೆಗಲ ಮೇಲೆ, ಕೊಂಬೆ ನೆಲದ ಮೇಲೆ.

"ಸೊಪ್ಪು ಒಳಗೆ ಐತೆ ಕಣವ್ವಾ, ಅದಕ್ಕೇ ಮರಾನೇ ಕರ್ಕೊಂಡು ಬಂದೆ!"

"ಇವನ್ನ ಹೆತ್ತ ಹೊಟ್ಟೆಗೆ ಏನು ಹೇಳ್ಲಿ!" ಅಂತ ಸುಂದ್ರಕ್ಕ ಕೂಗಿದಳು.

"ನನ್ನನ್ನೇ ಬಯ್ಯಿ ಸುಂದ್ರಕ್ಕಾ, ಆ ಹೊಟ್ಟೆ ನಂದೇ" ಅಂದಳು ಹೊನ್ನಾಜಮ್ಮ. ಆಮೇಲೆ ಮಗನ ಕಡೆ ತಿರುಗಿದಳು. "ಲೋ! ನಮಗೆ ಎಷ್ಟು ಬೇಕೋ ಅಷ್ಟನ್ನ ಮಾತ್ರ ತಗೋಬೇಕು! ಮಿಕ್ಕಿದ್ದನ್ನ ಇದ್ದಲ್ಲೇ ಬಿಟ್ಟು ಬರ್ಬೇಕು! ತಿಳೀತಾ?"

"ತಿಳೀತವ್ವಾ. ಬೇಕಾದ್ದನ್ನ ತಗೋಬೇಕು, ಮಿಕ್ಕಿದ್ದನ್ನ ಇದ್ದಲ್ಲೇ ಬಿಡ್ಬೇಕು."

ನಿಮಗೆ ಈಗಲೇ ತಿಳಿದುಹೋಯಿತು ಅಂತ ಕಾಣುತ್ತೆ. ಹೊನ್ನಾಜಮ್ಮನಿಗೆ ತಿಳಿಯಲಿಲ್ಲ. ಹೆತ್ತವಳಲ್ಲವೇ, ಈ ಸಲ ಸರಿಹೋಗುತ್ತಾನೆ ಅಂತಲೇ ಅವಳಿಗೆ ಪ್ರತಿ ಸಲವೂ.

ಸೋಮವಾರ ತಾಯಿ ಮಗ ಬಸ್ಸು ಹತ್ತಿ ಹೋದರು. ಮಾಯಿಗಯ್ಯ ಎದ್ದು ನಿಂತು ಹೊನ್ನಾಜಮ್ಮನಿಗೆ ಕೈ ಮುಗಿದರು. ರಕ್ತ ತೆಗೆದರು, ಎರಡು ಗಂಟೆ ಕಾಯಿರಿ ಅಂದರು. ಅವಳು ಬೆಂಚಿನ ಮೇಲೆ ಕೂತಳು. ಎರಡು ಗಂಟೆ ಆದ ಮೇಲೆ ಕಾಗದ ಬಂತು. ಜವರ ಕಾಗದ ಇಸಿದುಕೊಂಡ. ಕಾಗದ ನೋಡಿದ, ಅವ್ವನ್ನ ನೋಡಿದ. ಡಾಕ್ಟ್ರಮ್ಮನಿಗೆ ಬೇಕಾಗಿರುವುದು ಲೆಕ್ಕ. ಲೆಕ್ಕ ಕೈಯಲ್ಲಿದೆ.

"ಕೂತಿರವ್ವಾ" ಅಂದು ಹೊರಟ.

ಟೀ ತರಲು ಹೋದ ಅಂತ ಅವಳು ಅಂದುಕೊಂಡಳು.

ಜವರ ಬಸ್ಸಿಳಿದು ಡಾಕ್ಟ್ರಮ್ಮನ ಕೈಗೆ ಕಾಗದ ಕೊಟ್ಟ. ಅವರು ಓದಿ ಹುಬ್ಬು ಗಂಟಿಕ್ಕಿದರು. "ಒಂದು ಪಾಯಿಂಟ್ ಒಂದು. ಒಂದೂ ಮುಕ್ಕಾಲಾದರೂ ಇರಬೇಕಿತ್ತಲ್ಲೋ! ಇವತ್ತೇ ಔಷಧಿ ಶುರುವಾಗಬೇಕು. ಎಲ್ಲಿ ನಿಮ್ಮವ್ವ?"

"ಮಿಕ್ಕಿದ್ದನ್ನ ಇದ್ದಲ್ಲೇ ಬಿಟ್ಟು ಬಂದಿವ್ನಿ ಡಾಕ್ಟ್ರಮ್ಮ."

ಡಾಕ್ಟ್ರಮ್ಮ ಕಾಗದವನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಆ ತಾಳ್ಮೆಯ ಹೆಂಗಸೂ ಕೂಗಿಬಿಟ್ಟರು. "ಓಡು! ಈಗಲೇ ಹೋಗಿ ಅವಳನ್ನ ಹುಷಾರಾಗಿ ಮನೆಗೆ ಕರ್ಕೊಂಡು ಬಾ! ಮಾತ್ರೆ ನಾನೇ ಮನೆ ಹತ್ರ ತರ್ತೀನಿ. ನಾವೆಲ್ಲ ಇಷ್ಟು ದಿನ ಹೇಳಿದ್ದನ್ನ ಒಂದು ಸಲವಾದ್ರೂ ನೆನಪಿಟ್ಕೊಂಡು ಮಾಡೋ!"

"ಎಲ್ಲಾನೂವ?" ಅಂತ ಕೇಳಿದ ಜವರ.

"ಎಲ್ಲಾನೂ!"

ಇತ್ತ ಬೆಂಚಿನ ಮೇಲೆ ಹೊನ್ನಾಜಮ್ಮ ಮೊದಲು ಕಾದಳು, ಆಮೇಲೆ ಬೈದಳು, ಆಮೇಲೆ ಹೆದರಿದಳು. ಎದ್ದು ಹುಡುಕೋಣ ಅಂದರೆ ಎಡಗಾಲು ಗಂಟು ಹಾಕಿಕೊಂಡು ನೆಲಕ್ಕೆ ಊರಲು ಬಿಡುತ್ತಿಲ್ಲ. ಬಾಗಿಲು ಹಾಕುವ ಹೊತ್ತಾಯಿತು ಅಂತ ಮಾಯಿಗಯ್ಯ ಬೀಗ ಹಿಡಿದು ನಿಂತಿದ್ದಾರೆ. ನಾನು ಇಲ್ಲೇ ಹೋಗಿಬಿಟ್ಟರೆ ಅವನಿಗೆ ಉಣ್ಣು ಅನ್ನುವವರು ಯಾರು, ಮಲಗು ಅನ್ನುವವರು ಯಾರು ಅಂದುಕೊಂಡಳು. ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಷ್ಟರಲ್ಲಿ ಜವರ ಬಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಬಂದಿದ್ದ. ರಕ್ತ ಕುಲುಕಬಾರದು. ರಕ್ತ ಅವ್ವನೊಳಗೆ ಇದೆ. ಆದ್ದರಿಂದ ಅವ್ವನ್ನ ಕುಲುಕಬಾರದು. ಹೊಟ್ಟೆ ಸೀಳಿ ಒಣಗಿಸುವ ಮಾತೂ ನೆನಪಾಗಿತ್ತು, ಆದರೆ ಅದು ಕುಂಬಳಕಾಯಿಗೆ ಹೇಳಿದ್ದು ಅಂತ ಹೇಗೋ ಹೊಳೆಯಿತು. ಹುಟ್ಟಿದಾಗಿನಿಂದ ಅವನಿಗೆ ತಾನಾಗಿ ಹೊಳೆದದ್ದು ಅದೊಂದೇ. ನಾವೆಲ್ಲ ಅದಕ್ಕೆ ಕೈ ಮುಗಿಯಬೇಕು.

"ಸಾ, ಒಂದು ಹೆಸರಿನ ಚೀಟಿ ಕೊಡಿ" ಅಂದ. ಮಾಯಿಗಯ್ಯ ಯಾಕೆ ಅಂತ ಕೇಳುವ ಧೈರ್ಯ ಮಾಡದೆ ಕೊಟ್ಟರು. "ಹೊನ್ನಾಜಮ್ಮ, ಐವತ್ತೆಂಟು, ಹೆಣ್ಣು" ಅಂತ ಬರೆದಿದ್ದ ಚೀಟಿಯನ್ನು ಜವರ ಅವ್ವನ ಹಣೆಗೆ ಅಂಟಿಸಿದ. ಟವಲು ಸಾಲದೆ ಉಟ್ಟಿದ್ದ ಪಂಚೆಯನ್ನೇ ಬಿಚ್ಚಿದ. ಒಳಗೆ ಚಡ್ಡಿ ಇತ್ತು, ದೇವರ ದಯೆ. ಅವಳನ್ನು ತಲೆಯಿಂದ ಕಾಲಿನವರೆಗೆ ಸುತ್ತಿ, ಎತ್ತಿ ಎದೆಗವಚಿಕೊಂಡ.

"ಇಳಿಸ್ಲಾ! ಜನ ನೋಡ್ತಾರೆ, ಇಳಿಸ್ಲಾ!"

"ಅಲ್ಲಾಡಬ್ಯಾಡ ಕಣವ್ವಾ. ನೀನು ಸುಳ್ಳಾಗೋಯ್ತೀಯ."

ಬಸ್ಸಿನಲ್ಲಿ ಇಬ್ಬರು ಹೆಂಗಸರು ಎದ್ದು ಸೀಟು ಬಿಟ್ಟರು. ಕಂಡಕ್ಟರು ಚೀಟಿ ಓದಿ ಏನೂ ಕೇಳದೆ ಮುಂದೆ ಹೋದ. ಜವರ ಜೋಗುಳ ಹಾಡಿದ. ಹಾಳಾದವನಿಗೆ ಒಂದೇ ಜೋಗುಳ ಬರುತ್ತಿತ್ತು, ಅವಳೇ ಹಾಡುತ್ತಿದ್ದದ್ದು. ಹೊನ್ನಾಜಮ್ಮ ಬಯ್ಯಲು ಬಾಯಿ ತೆರೆದವಳು ಎರಡನೇ ಸಾಲಿಗೆ ಸುಮ್ಮನಾದಳು.

ಮನೆಗೆ ಬಂದರು. ನೀರಿನ ಗಡಿಗೆಗಳ ಪಕ್ಕದ ಮೂಲೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ ಇತ್ತು. ಎದೆಯೆತ್ತರದ್ದು, ಖಾಲಿಯಾಗಿತ್ತು, ಒಳಗೆ ತಣ್ಣಗಿತ್ತು. ಹೊನ್ನಾಜಮ್ಮ ಕಡ್ಡಿಯಂಥ ಹೆಂಗಸು. ಜವರ ಪಂಚೆ ಬಿಚ್ಚಿ, ಅವಳನ್ನು ಮೆಲ್ಲಗೆ ವಾಡೆಯೊಳಗೆ ಇಳಿಸಿ ನೆಟ್ಟಗೆ ನಿಲ್ಲಿಸಿದ. ಅವಳು ಕೂಗಲು ಹೊರಟಳು. ಕೂಗು ಅರ್ಧಕ್ಕೇ ನಿಂತಿತು. ಎರಡು ಪಾದವೂ ಊರಿ ನೆಟ್ಟಗೆ ನಿಂತದ್ದೇ, ಮಧ್ಯಾಹ್ನದಿಂದ ಹಿಡಿದುಕೊಂಡಿದ್ದ ಮೀನಖಂಡ ಸಡಿಲಾಗಿಬಿಟ್ಟಿತು.

"ಅಯ್ಯಪ್ಪಾ" ಅಂದಳು. ಆಮೇಲೆ ಮಗನ ಮುಖ ನೋಡಿದಳು. ಒಣಗಿಹೋಗಿತ್ತು. "ಬೆಳಿಗ್ಗೆಯಿಂದ ಏನಾದ್ರೂ ಉಂಡ್ಯೇನ್ಲಾ?"

"ಇಲ್ಲ ಕಣವ್ವಾ."

"ಯಾಕೋ?"

"ನೀ ಹೇಳ್ಲಿಲ್ವಲ್ಲ."

ಹೊನ್ನಾಜಮ್ಮನ ಕಣ್ಣು ತುಂಬಿತು. "ಹೋಗು ಮಗ, ಉಣ್ಣು. ಮುದ್ದೆ ಐತೆ, ಸೊಪ್ಪಿನ ಸಾರೈತೆ. ಹೊಟ್ಟೆ ತುಂಬಾ ಉಣ್ಣು" ಅಂದಳು. ತನ್ನನ್ನು ಹೊರಗೆ ಎತ್ತು ಅನ್ನುವುದನ್ನು ಮರೆತಳು. ಜವರ ತಲೆಯಾಡಿಸಿದ. ಹೋಗುವ ಮುಂಚೆ ಮುಚ್ಚಳದ ಮಾತು ನೆನಪಾಗಿ, ಮೂಲೆಯಲ್ಲಿದ್ದ ಬಿದಿರಿನ ಮಂಕರಿಯನ್ನು ತಂದು ಅವಳ ತಲೆಯ ಮೇಲೆ ಬೋರಲು ಹಾಕಿ ಬಿಗಿಯಾಗಿ ಒತ್ತಿದ. ಆಮೇಲೆ ಉಣ್ಣಲು ಕೂತ.

ಡಾಕ್ಟ್ರಮ್ಮ ಮಾತ್ರೆ ಹಿಡಿದುಕೊಂಡು ಬಂದಾಗ ಅವನು ಎರಡನೇ ಮುದ್ದೆ ನುಂಗುತ್ತಿದ್ದ.

"ಎಲ್ಲೋ ನಿಮ್ಮವ್ವ?"

ಜವರ ಎಡಗೈಯಲ್ಲಿ ವಾಡೆ ತೋರಿಸಿದ. "ಮುಚ್ಚಳ ತೆಗೀಬ್ಯಾಡ್ರಿ ಡಾಕ್ಟ್ರಮ್ಮ, ಮಾಯಿಗಯ್ಯನೋರು ಬೈತಾರೆ. ಎಲ್ಲಾನೂ ಮಾಡಿವ್ನಿ. ಒಂದು ಚೂರೂ ಕುಲುಕಿಲ್ಲ."

"ಹೊನ್ನಾಜಮ್ಮಾ!" ಅಂತ ಡಾಕ್ಟ್ರಮ್ಮ ವಾಡೆಗೆ ಕೂಗಿದರು.

"ಇವ್ನಿ ಕಣ್ ತಾಯಿ" ಅಂತ ಮಂಕರಿಯೊಳಗಿಂದ ದನಿ ಬಂತು. "ಕಾಲು ಬಿಟ್ಟೈತೆ. ಅವನು ಉಣ್ತಾವ್ನೆ, ಉಂಡು ಮುಗಿಸ್ಲಿ. ಆಮೇಲೆ ಎತ್ತುವಿರಂತೆ."

ಡಾಕ್ಟ್ರಮ್ಮ ಅಲ್ಲೇ ಚಾಪೆಯ ಮೇಲೆ ಕೂತರು. ವಾಡೆಯ ಕಡೆ ತಿರುಗಿ, ಗ್ಯಾಸಿನ ಮಾತ್ರೆ ಹೇಗೆ ಬಿಡಬೇಕು ಅಂತ ನಾನು ಹೇಳಿಕೊಡ್ತೀನಿ, ಈ ಮಾತ್ರೆಯ ಜೊತೆ ರಾಗಿ, ಸೊಪ್ಪು, ಕುಂಬಳದ ಬೀಜ ಬಿಡದೆ ತಿನ್ನು, ತಿಂಗಳು ಬಿಟ್ಟು ಇನ್ನೊಂದು ಸಲ ರಕ್ತ ನೋಡೋಣ ಅಂತ ಹೇಳಿದರು. ಇನ್ನೊಂದು ಸಲ ಅಂದಾಗ ಮಂಕರಿ ಸ್ವಲ್ಪ ಅಲುಗಿತು. ಆಮೇಲೆ ಮಾತ್ರೆಯ ಹಾಳೆಯನ್ನು ಜವರನ ಕೈಗೆ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ನೋಡು ಜವರಪ್ಪಾ. ಊಟ ಆದ ಕೂಡಲೇ ಒಂದು. ಒಂದೇ. ಮರೀಬಾರದು."

"ಮರೆಯಕ್ಕಿಲ್ಲ ಡಾಕ್ಟ್ರಮ್ಮ" ಅಂದ ಜವರ. ತಟ್ಟೆಯಲ್ಲಿದ್ದ ಕೊನೇ ತುತ್ತು ನುಂಗಿದ. ಕೈ ತೊಳೆದ. ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡು ನೀರು ಕುಡಿದ.

ಹೊನ್ನಾಜಮ್ಮ ಆಗ ಏನು ಬೈದಳು ಅಂತ ನನ್ನನ್ನು ಕೇಳಬೇಡಿ. ಮಂಕರಿ ಬಿಗಿಯಾಗಿ ಮುಚ್ಚಿತ್ತು, ನನಗೆ ಸರಿಯಾಗಿ ಕೇಳಿಸಲಿಲ್ಲ.